ಹಾಡಿನೊಳಗೆ ನಮ್ಮ ಹೆಸರು

ಪುಷ್ಯ ಅಮಾವಾಸ್ಯೆಯ ದಿನ ಹಂಪಿಗೆ ಹೋಗಿದ್ದೆವು. ವಿಠ್ಠಲ ಗುಡಿಯ ಸಮೀಪ, ತುಂಗಭದ್ರೆಯ ದಂಡೆಯಲ್ಲಿರುವ ಪುರಂದರ ಮಂಟಪದಲ್ಲಿ ದಾಸರ ಆರಾಧನೆ. ಕಂಪ್ಲಿ ಕಡೆಯ ಗದ್ದೆಗಳಲ್ಲಿ ನಾಟಿ ಹಚ್ಚುವ ನಮ್ಮ ಅವ್ವನೂ ಜೊತೆಗಿದ್ದಳು. ಹಾಡು ಚೆನ್ನಾಗಿತ್ತು. ಅದನ್ನ ಮುಚ್ಚಿಟ್ಟರೆ ಸುಳ್ಳಾಗುತ್ತದೆ. ಕಲ್ಲಿನ ಮಂಟಪ, ಹೊಳೆಯ ಗಾಳಿ, ತಂಬೂರಿಯ ಶ್ರುತಿ, ಮೈ ಜುಮ್ಮೆಂದಿತು. ಆಮೇಲೆ ಒಂದು ಕೀರ್ತನೆ ಬಂತು. ಹುಟ್ಟಿನಿಂದ ಹೊಲೆಯನಲ್ಲ, ನಡತೆ ಕೆಟ್ಟವನೇ ಹೊಲೆಯ ಎಂಬ ಅರ್ಥದ್ದು. ಸುತ್ತ ಕೂತವರು ತಲೆದೂಗಿದರು. ಅವ್ವ ಕಿವಿಯ ಹತ್ರ ಬಂದು ಕೇಳಿದಳು: "ಯಾಕಪಾ, ನಮ್ಮ ಹೆಸ್ರು ಯಾಕ ತೆಗೀತಾರ?"

ಮನೆಯಲ್ಲಿ ಮೊದಲ ಸಲ ಪದವಿ ಓದಿದ ನಮಗೆ ಉತ್ತರ ಹೊಳೆಯಲಿಲ್ಲ. ಪಕ್ಕದ ಹಿರಿಯರೊಬ್ಬರು ಸಮಾಧಾನ ಹೇಳಿದರು: "ಇದು ಜಾತಿಯ ಮಾತಲ್ಲಪ್ಪಾ, ಗುಣದ ಮಾತು. ದಾಸರು ನಿಮ್ಮ ಪರವಾಗಿಯೇ ಹಾಡ್ಯಾರ."

ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ. ಮರುವರ್ಷವೇ ವಿಜಯನಗರ ಯುದ್ಧದಲ್ಲಿ ಸೋತು ಈ ಪಟ್ಟಣ ಹಾಳಾಯಿತು. ಆ ಕಾಲದಲ್ಲಿ ಮಡಿ ಹುಟ್ಟಿನಲ್ಲಿಲ್ಲ ಎನ್ನಲು ಎದೆಗಾರಿಕೆ ಬೇಕು. ಆದರೆ ಯೋಚನೆ ಮಾಡಿ ಗೆಳೆಯರೇ. ಸುಳ್ಳು ಹೇಳುವ ಮೇಲ್ಜಾತಿಯವನನ್ನು ಹೊಲೆಯ ಎಂದು ಬೈದರೆ ಬೈಗುಳ ಅವನಿಗೆ ಹೌದು. ಬೈಗುಳಕ್ಕೆ ಬಳಸಿದ್ದು ಯಾರ ಹೆಸರು? ಕೊಳೆಯನ್ನು ಒಬ್ಬನ ಮೈಯಿಂದ ತೆಗೆದು ಇನ್ನೊಬ್ಬನ ಮೈಗೆ ಒರೆಸಿದಂತಾಯಿತು. ಕೊಳೆಗೆ ಮಾತ್ರ ನಮ್ಮ ಕೇರಿಯ ಹೆಸರೇ ಉಳಿಯಿತು. ಒಳ್ಳೆಯ ಹೊಲೆಯನಿಗೆ ಆ ಹಾಡಿನಲ್ಲಿರುವುದು ಒಂದೇ ದಾರಿ: ಹೊಲೆಯನಲ್ಲ ಎನಿಸಿಕೊಳ್ಳುವುದು. ಹೊಲೆಯನಾಗಿದ್ದುಕೊಂಡೇ ಒಳ್ಳೆಯವನಾಗಿರಲು ಅಲ್ಲಿ ಜಾಗವಿಲ್ಲ.

ನಾದಕ್ಕೆ ಜಾತಿ ಇಲ್ಲ ಅಂತಾರೆ. ಒಪ್ಪೋಣ. ಮೃದಂಗಕ್ಕೆ ಹಸು, ಎಮ್ಮೆ, ಆಡಿನ ಚರ್ಮ ಬೇಕು. ಅದನ್ನು ಹದಮಾಡಿ, ಬಿಗಿದು, ಶ್ರುತಿಗೆ ತರುವ ಕೈಗಳ ಮೇಲೆ ಗಾಯಕ ಟಿ.ಎಂ. ಕೃಷ್ಣ 2020ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆ ಕೈಗಳಲ್ಲಿ ದಲಿತರವು ಬಹಳ. ಚರ್ಮ ಕೇರಿಯಲ್ಲಿದ್ದಾಗ ಮೈಲಿಗೆ, ವೇದಿಕೆಗೆ ಬಂದಾಗ ಮಡಿ. ಈ ದಾರಿಯ ಯಾವ ಮೈಲಿಗಲ್ಲಿನ ಹತ್ರ ಮೈಲಿಗೆ ಕಳಚಿತು? ಚರ್ಮಕ್ಕೆ ಕಳಚಿದ್ದು ಅದನ್ನು ಹದ ಮಾಡಿದವನಿಗೆ ಯಾಕೆ ಕಳಚಲಿಲ್ಲ?

ಹಾಗಾದರೆ ಎದ್ದು ಬರಬೇಕೇ? ನಮ್ಮ ಗೆಳೆಯರಲ್ಲಿ ಕೆಲವರು ಹೌದು ಅಂತಾರೆ. ನಮಗೆ ಹಾಗನ್ನಿಸುವುದಿಲ್ಲ. 1939ರಲ್ಲಿ ಅಮೆರಿಕದ ಕಪ್ಪು ಗಾಯಕಿ ಮೇರಿಯನ್ ಆಂಡರ್ಸನ್‌ಗೆ ವಾಷಿಂಗ್ಟನ್ನಿನ ದೊಡ್ಡ ಸಭಾಂಗಣವೊಂದು ಬಾಗಿಲು ಮುಚ್ಚಿತು. ಆಕೆ ಈಸ್ಟರ್ ದಿನ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಹಾಡಿದಳು. ಕೇಳಲು ನೆರೆದವರು ಸುಮಾರು 75,000 ಜನ. ಮೇರಿ ಮಾತೆಯ ಪ್ರಾರ್ಥನೆಯನ್ನೂ ಹಾಡಿದಳು. ಸಭಾಂಗಣ ಮುಚ್ಚಿತೆಂದು ಹಾಡನ್ನು ಅವರಿಗೇ ಬಿಟ್ಟುಕೊಡಲಿಲ್ಲ. ಇಲ್ಲೇ ಪಕ್ಕದ ಸಂಡೂರು ಸಂಸ್ಥಾನ ಕುಮಾರಸ್ವಾಮಿ ಗುಡಿಯನ್ನು 1932ರಲ್ಲಿ ನಮ್ಮವರಿಗೆ ತೆರೆಯಿತು. ತಿರುವಾಂಕೂರಿನ ಘೋಷಣೆಗಿಂತ ನಾಲ್ಕು ವರ್ಷ ಮೊದಲೇ. ದೊಡ್ಡ ಮಾತೇ. ಆದರೆ ಬಾಗಿಲು ದಾಟಿ ಒಳಗೆ ಹೋದ ಮೇಲೂ ಅಲ್ಲಿನ ಹಾಡಿನಲ್ಲಿ ನಮ್ಮ ಹೆಸರು ಬೈಗುಳವಾಗಿದ್ದರೆ ಬಾಗಿಲು ಅರ್ಧವೇ ತೆರೆದಂತೆ.

ನಮ್ಮ ಹಾಡೇ ಪವಿತ್ರ ಎಂದು ಎದೆ ತಟ್ಟಿಕೊಳ್ಳಲೂ ನಾವು ತಯಾರಿಲ್ಲ. ಹೊಸಪೇಟೆ ಪಕ್ಕದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾವೂ ಕುಣಿದೆವು. ಅದೇ ಎಲ್ಲಮ್ಮನ ಹೆಸರಲ್ಲೇ ನಮ್ಮ ಅಕ್ಕತಂಗಿಯರ ಕೊರಳಿಗೆ ಮುತ್ತು ಕಟ್ಟಿದರು. ಅದನ್ನು ತಡೆಯಲು 1982ರಲ್ಲಿ ಕಾನೂನು ಬೇಕಾಯಿತು. ಚೌಡಿಕೆ ಎಷ್ಟು ಚೆಂದ ನುಡಿದರೂ ಆ ಮುತ್ತಿನ ಲೆಕ್ಕ ಕೇಳಲೇಬೇಕು. ದಾಸರ ಹಾಡಿಗೊಂದು ಅಳತೆ, ನಮ್ಮ ಹಾಡಿಗೊಂದು ಅಳತೆ ಇಟ್ಟುಕೊಂಡರೆ ನಾವೂ ಊರಗೌಡರೇ.

ಹಂಗಾದ್ರೆ ಪವಿತ್ರ ಅಂದ್ರೆ ಏನು? ಕೇಳುವವರಲ್ಲಿ ಒಬ್ಬರನ್ನೂ ತಲೆ ತಗ್ಗಿಸದ ಹಾಡು, ನಮಗೆ ಅದೇ ಪವಿತ್ರ. ದೇವರ ಹೆಸರು ಇರಲಿ, ಬಿಡಲಿ. ಸಿದ್ಧಲಿಂಗಯ್ಯನವರು 1975ರಲ್ಲಿ ತಮ್ಮ ಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಎಂದು ಹೆಸರಿಟ್ಟರು. ಅಲ್ಲಿ ಬೈಸಿಕೊಂಡಿದ್ದ ಹೆಸರೇ ಇಲ್ಲಿ ಹಾಡುವವರ ಹೆಸರಾಯಿತು.

ಆ ಕೀರ್ತನೆಯನ್ನು ಅಳಿಸಿರಿ ಎಂದು ನಾವು ಕೇಳುತ್ತಿಲ್ಲ. ಅಳಿಸಿದರೆ ಸಾಕ್ಷಿಯೂ ಅಳಿಯುತ್ತದೆ. ಹಾಡುವವರು ಆ ಪದ ಬಂದಾಗ ಎದುರಿಗೆ ನಮ್ಮ ಅವ್ವ ಕೂತಿದ್ದಾಳೆ ಎಂದು ತಿಳಿದು ಹಾಡಲಿ, ಅಷ್ಟೆ. ಬರೋ ವರ್ಷವೂ ಹೋಗುತ್ತೇವೆ. ಅವ್ವ ಕಿವಿಯಲ್ಲಿ ಕೇಳಿದ್ದನ್ನು ಈ ಸಲ ನಾವು ಎದ್ದು ನಿಂತು, ಎಲ್ಲರಿಗೂ ಕೇಳಿಸುವಂಗೆ ಕೇಳುತ್ತೇವೆ.