ಓಡದ ವಾಹನ ಮತ್ತು ಇಚ್ಛಾಪರಿಮಾಣ

ಪರಿಗ್ರಹಪರಿಮಾಣವೆಂಬ ಐದನೆಯ ಅಣುವ್ರತವನ್ನು ಕುರಿತು ಶ್ರಾವಕರು ಮಾತನಾಡುವಾಗ ಸಾಮಾನ್ಯವಾಗಿ ಹೊಲ, ಮನೆ, ಬೆಳ್ಳಿ, ಬಂಗಾರಗಳ ಲೆಕ್ಕವೇ ಮುಂದೆ ಬರುತ್ತದೆ. ಲೆಕ್ಕವು ಬೇಕಾದದ್ದೇ, ಎಲ್ಲೆಯನ್ನು ಗೊತ್ತುಪಡಿಸದೆ ವ್ರತವಿಲ್ಲ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ಯಾವ ವಸ್ತುವನ್ನೂ ಹೆಸರಿಸದೆ ಮೂರ್ಛೆಯನ್ನು, ಅಂದರೆ ಮಮತ್ವಪರಿಣಾಮವನ್ನು, ಹೆಸರಿಸಿದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಕೊಟ್ಟರು. ಹಾಗಾದರೆ ವಸ್ತುವನ್ನು ಬಳಸದೆ ಇಟ್ಟವನು ಅಷ್ಟರಮಟ್ಟಿಗೆ ತ್ಯಾಗಿಯೇ? ವಸ್ತುವನ್ನು ಮಾರಿದವನು ಅದನ್ನು ತ್ಯಜಿಸಿದಂತಾಯಿತೇ? ಈ ಪ್ರಶ್ನೆಗಳನ್ನು ನಮ್ಮ ಮನೆಗಳಿಂದ ಬಹುದೂರದ ಒಂದು ನಿದರ್ಶನದಲ್ಲಿಟ್ಟು ವಿಚಾರಿಸೋಣ. ದೂರದ ವಸ್ತುವಿನಲ್ಲಿ ನಮಗೆ ಮಮತೆಯಿಲ್ಲವಾದ್ದರಿಂದ ಮೂರ್ಛೆಯ ರೂಪವು ಅಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಇಟಲಿ ದೇಶದ ಬೊಲೋನ್ಯ ನಗರದಲ್ಲಿ ಡುಕಾಟಿ ಎಂಬ ಮೋಟಾರ್ ಸೈಕಲ್ ಕಾರ್ಖಾನೆಯಿದೆ. 1972ರ ಏಪ್ರಿಲ್ 23ರಂದು ಇಮೋಲಾ ಎಂಬ ಊರಿನಲ್ಲಿ ಇನ್ನೂರು ಮೈಲಿಗಳ ಪಂದ್ಯವೊಂದು ನಡೆಯಿತು. ಈ ಕಾರ್ಖಾನೆಯ 750 ಸಿ.ಸಿ. ವಾಹನಗಳನ್ನೇರಿದ ಇಂಗ್ಲೆಂಡಿನ ಪಾಲ್ ಸ್ಮಾರ್ಟ್ ಮೊದಲನೆಯವನಾಗಿಯೂ ಇಟಲಿಯ ಬ್ರೂನೊ ಸ್ಪಾಜ್ಜಾರಿ ಎರಡನೆಯವನಾಗಿಯೂ ಗುರಿಮುಟ್ಟಿದರು. ಆ ಯಂತ್ರವನ್ನು ರೂಪಿಸಿದವರು ಫಾಬಿಯೊ ತಾಲ್ಯೋನಿ ಎಂಬ ಇಂಜಿನಿಯರು. ಸಾಮಾನ್ಯ ಎಂಜಿನ್ನಿನಲ್ಲಿ ವಾಲ್ವನ್ನು ತೆರೆಯುವುದು ಕ್ಯಾಮು, ಮುಚ್ಚುವುದು ಸ್ಪ್ರಿಂಗು. ವೇಗವು ಮಿತಿಮೀರಿದಾಗ ಸ್ಪ್ರಿಂಗು ಹಿಂದೆ ಬೀಳುತ್ತದೆ. ಡೆಸ್ಮೊಡ್ರೋಮಿಕ್ ಎಂಬ ಏರ್ಪಾಟಿನಲ್ಲಿ ತೆರೆಯುವುದೂ ಮುಚ್ಚುವುದೂ ಎರಡೂ ಕ್ಯಾಮಿನ ಅಧೀನ. ತಾಲ್ಯೋನಿಯವರು ಈ ಏರ್ಪಾಟನ್ನು ಪಳಗಿಸಿ ತಮ್ಮ ಕಾರ್ಖಾನೆಯ ಹೆಗ್ಗುರುತಾಗಿಸಿದರು. ಇಮೋಲಾದ ಗೆಲುವಿನ ತರುವಾಯ 1974ರಲ್ಲಿ, ಅದೇ ಪಂದ್ಯದ ವಾಹನದ ಮಾದರಿಯಲ್ಲಿ, ರಸ್ತೆಯ ಮೇಲೆ ಓಡಿಸಬಹುದಾದ 750 ಸೂಪರ್ ಸ್ಪೋರ್ಟ್ ಎಂಬ ವಾಹನ ಹೊರಬಂದಿತು. ಹಸಿರು ಛಾಯೆಯ ಚೌಕಟ್ಟು, ಪೆಟ್ರೋಲಿನ ಮಟ್ಟವನ್ನು ತೋರುವ ಪಾರದರ್ಶಕ ಪಟ್ಟಿಯುಳ್ಳ ಟ್ಯಾಂಕು ಅದರ ಗುರುತುಗಳು. ಆ ವರ್ಷ ತಯಾರಾದವು ಸುಮಾರು ನಾನೂರು ಮಾತ್ರ. ಈ ಶತಮಾನದ ಹರಾಜುಗಳಲ್ಲಿ ಇಂಥ ಒಂದೊಂದು ವಾಹನ ಲಕ್ಷ ಡಾಲರನ್ನು ಮೀರಿದ ಬೆಲೆಗೆ ಮಾರಾಟವಾದದ್ದುಂಟು.

ಇಂಥ ವಾಹನವನ್ನು ಮಾರಾಟಕ್ಕಿಡುವಾಗ ಹೇಳಿಕೊಳ್ಳುವ ಗುಣಗಳು ವಿಚಾರಾರ್ಹವಾಗಿವೆ. ಚೌಕಟ್ಟಿನ ಸಂಖ್ಯೆಯೂ ಎಂಜಿನ್ನಿನ ಸಂಖ್ಯೆಯೂ ಮೂಲದವೇ, ಬಣ್ಣ ಕಾರ್ಖಾನೆಯದೇ, ಓಡಿದ ದೂರ ಅತ್ಯಲ್ಪ ಎಂದು ಹೇಳುತ್ತಾರೆ. ಓಡುವುದಕ್ಕಾಗಿಯೇ ಹುಟ್ಟಿದ ವಾಹನದ ಬೆಲೆ ಅದು ಓಡದಿದ್ದುದರಿಂದ ಏರುತ್ತದೆ! ಒಡೆಯನು ಅದನ್ನು ಗಾಜಿನ ಕೋಣೆಯಲ್ಲಿಟ್ಟು ಧೂಳು ಒರೆಸುತ್ತಾನೆಯೇ ಹೊರತು ಏರುವುದಿಲ್ಲ. ಹೊರನೋಟಕ್ಕೆ ಇದು ಸಂಯಮದಂತೆಯೇ ಇದೆ. ವಾಹನವು ಮತ್ತೆ ಮತ್ತೆ ಬಳಸತಕ್ಕ ವಸ್ತುವಾದ್ದರಿಂದ ಉಪಭೋಗದಲ್ಲಿ ಸೇರುತ್ತದೆ. ಉಪಭೋಗವೇ ಇಲ್ಲದ ಮೇಲೆ ದೋಷವೆಲ್ಲಿ ಎಂದು ಕೇಳಬಹುದು.

ಉತ್ತರವನ್ನು ಉಪವಾಸದಿಂದಲೇ ಪಡೆಯೋಣ. ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುವ ಶ್ರಾವಕನು ಆಹಾರವನ್ನು ಬಿಡುವುದರೊಡನೆ ಆಹಾರದ ಚಿಂತೆಯನ್ನೂ ಬಿಟ್ಟು ಧರ್ಮಧ್ಯಾನದಲ್ಲಿರಬೇಕು. ಬೆಲೆಯೇರಲೆಂದು ಕಣಜದ ಬಾಗಿಲಲ್ಲಿ ಕುಳಿತು ಧಾನ್ಯ ಕಾಯುವವನು ಹಸಿದಿದ್ದರೂ ಅವನನ್ನು ಉಪವಾಸಿಯೆನ್ನಲಾಗದು. ಬಳಸದಿರುವಿಕೆ ಬೇರೆ, ಬಿಡುವಿಕೆ ಬೇರೆ. ಉಪಭೋಗದಲ್ಲಿ ಮಮತೆಯು ವಸ್ತುವಿನೊಡನೆ ಸವೆಯುವುದಾದರೂ ಉಂಟು. ಕಾವಲಿನಲ್ಲಿ ವಸ್ತುವೂ ಸವೆಯದು, ಮಮತೆಯೂ ಸವೆಯದು.

ಸಮಂತಭದ್ರಾಚಾರ್ಯರು ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಾಹನ ಎಂಬ ಐದನ್ನು ಹೇಳಿದ್ದಾರೆ. ಎತ್ತು ಮುಂತಾದ ಪ್ರಾಣಿಗಳನ್ನು ಶಕ್ತಿಮೀರಿ ನಡೆಸುವುದು, ಅವುಗಳ ಮೇಲೆ ಮಿತಿಮೀರಿ ಹೊರಿಸುವುದು ಎಂಬ ಎರಡು ದೋಷಗಳು ಯಂತ್ರಕ್ಕೆ ತಗಲಲಾರವು, ಕಬ್ಬಿಣಕ್ಕೆ ನೋವಿಲ್ಲ. ಆದರೆ ನಡುವಿನ ಮೂರು ಒಡೆಯನ ಆತ್ಮದಲ್ಲಿ ನಡೆಯುವಂಥವು. ಬೆಲೆಯೇರಲೆಂದು ಕೂಡಿಡುವುದು ಅತಿಸಂಗ್ರಹ. ಪರರ ಸಂಪತ್ತನ್ನೂ ಲಾಭವನ್ನೂ ಕಂಡು ಮನಸ್ಸು ಕದಡುವುದು ಅತಿವಿಸ್ಮಯ. ತಕ್ಕ ಲಾಭ ಬಂದರೂ ಇನ್ನಷ್ಟು ಬೇಕೆನ್ನುವುದು ಅತಿಲೋಭ. ಗಾಜಿನ ಕೋಣೆಯ ಬೀಗದ ಹಿಂದೆ ಈ ಮೂರಕ್ಕೂ ಎಡೆಯುಂಟು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಭರತ ಚಕ್ರವರ್ತಿಯು ಷಟ್ಖಂಡದ ಒಡೆಯನಾಗಿದ್ದೂ ನಿರ್ಲಿಪ್ತನಾಗಿದ್ದನಲ್ಲವೇ? ರತ್ನಾಕರವರ್ಣಿಯು ಭರತೇಶ ವೈಭವದಲ್ಲಿ ಭೋಗದ ನಡುವೆಯೂ ಯೋಗಿಯಾದ ಭರತನನ್ನೇ ಚಿತ್ರಿಸಲಿಲ್ಲವೇ? ನಿಜ. ಆದರೆ ಭರತನ ನಿರ್ಲಿಪ್ತತೆಯು ಬಾಯಿಮಾತಾಗಿರಲಿಲ್ಲ. ಕಾಲ ಬಂದಾಗ ಅವನು ಆ ಸಾಮ್ರಾಜ್ಯವನ್ನೇ ಬಿಟ್ಟು ದೀಕ್ಷೆ ವಹಿಸಿದನು. ತನಗೆ ಮಮತೆಯಿಲ್ಲವೆನ್ನುವ ಗೃಹಸ್ಥನು ಬಿಟ್ಟುಕೊಡುವ ಗಳಿಗೆಯಲ್ಲಿ ತನ್ನನ್ನು ಪರೀಕ್ಷಿಸಿಕೊಳ್ಳಬೇಕು. ಅಲ್ಲಿಯವರೆಗೆ ಆ ಮಾತಿಗೆ ಸಾಕ್ಷಿಯಿಲ್ಲ.

ಹಾಗಾದರೆ ಮಾರಾಟವೇ ತ್ಯಾಗವೆನ್ನಬಹುದೇ? ದಶಲಕ್ಷಣ ಧರ್ಮದಲ್ಲಿ ಉತ್ತಮ ತ್ಯಾಗವು ಎಂಟನೆಯದು, ಉತ್ತಮ ಆಕಿಂಚನ್ಯವು ಒಂಬತ್ತನೆಯದು. ಮಾರಾಟವು ಇವೆರಡೂ ಅಲ್ಲ; ಅದು ಪರಿಗ್ರಹದ ರೂಪಾಂತರ. ವಾಹನವಿದ್ದ ಸ್ಥಳದಲ್ಲಿ ಹಣ ಬಂದು ಕೂಡುತ್ತದೆ. ಆದರೂ ಮಾರುವವರೆಲ್ಲರೂ ಸಮಾನರಲ್ಲ. ಮತ್ತೊಂದು ಅಪೂರ್ವ ವಾಹನವನ್ನು ಕೊಳ್ಳಲೆಂದು ಮಾರುವವನ ಇಚ್ಛೆ ಬೆಳೆದಿದೆ. ಮನೆಯವರ ಔಷಧೋಪಚಾರಕ್ಕೋ ಮಕ್ಕಳ ವಿದ್ಯೆಗೋ ಮಾರುವವನು ವಸ್ತುವಿಗಿಂತ ಕರ್ತವ್ಯವನ್ನು ಮೇಲಿಟ್ಟಿದ್ದಾನೆ. ಅವನ ಮೂರ್ಛೆ ತಗ್ಗಿದೆ. ಮೊದಲೇ ಎಲ್ಲೆಯನ್ನು ಸಂಕಲ್ಪಿಸಿ, ಎಲ್ಲೆ ಮೀರಿದುದನ್ನು ಮಾರಿ, ಬಂದ ಹಣವನ್ನು ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಕ್ಕೆ ವಿನಿಯೋಗಿಸುವವನು ಮಾತ್ರ ವ್ರತಿಯಾಗಿ ಮಾರಿದವನು. ಹೊರಗಿನ ಕ್ರಿಯೆ ಮೂವರದೂ ಒಂದೇ. ಪರಿಣಾಮ ಬೇರೆ ಬೇರೆ.

ಸಂಕಲ್ಪವಿಲ್ಲದ ವಿರತಿ ಎಷ್ಟು ದುರ್ಬಲವೆಂಬುದಕ್ಕೆ ಇದೇ ವಾಹನಗಳ ಚರಿತ್ರೆಯಲ್ಲಿ ಸಾಕ್ಷಿಯಿದೆ. 1957ರ ಪಂದ್ಯಗಳು ಮುಗಿದಾಗ ಇಟಲಿಯ ಜಿಲೆರಾ, ಮೋಟೊ ಗುಟ್ಸಿ, ಮೊಂಡಿಯಾಲ್ ಸಂಸ್ಥೆಗಳು ಖರ್ಚು ಹೆಚ್ಚಾಯಿತೆಂದು ವಿಶ್ವಪಂದ್ಯಗಳಿಂದ ಹಿಂದೆ ಸರಿದವು. ಇಟಲಿಯ ಭಾಷೆಯಲ್ಲಿ ಇದಕ್ಕೆ ವಿರತಿಯ ಒಪ್ಪಂದವೆಂಬ ಅರ್ಥದ ಹೆಸರೇ ಉಂಟು. ಮೊದಲು ಜೊತೆಗೂಡಿದ್ದ ಎಂ.ವಿ. ಅಗುಸ್ತಾ ಸಂಸ್ಥೆ ಮನಸ್ಸು ಬದಲಿಸಿ ಕಣದಲ್ಲಿ ಉಳಿಯಿತು. 1958ರಿಂದ 1974ರವರೆಗೆ 500 ಸಿ.ಸಿ. ವಿಭಾಗದ 17 ಸವಾರಪದವಿಗಳೂ ಅದರ ವಾಹನವೇರಿದವರಿಗೇ ಸಂದವು. ಬಿಟ್ಟಿದ್ದ ಜಿಲೆರಾ ಯಂತ್ರಗಳೂ 1963ರಲ್ಲಿ ಮತ್ತೆ ಕಣಕ್ಕಿಳಿದವು. ವ್ಯಾಪಾರಸ್ಥರ ಒಪ್ಪಂದದಲ್ಲಿ ಇದು ಆಶ್ಚರ್ಯವಲ್ಲ. ಆದರೆ ನೆರೆಯವನೂ ಬಿಟ್ಟರೆ ತಾನೂ ಬಿಡುವೆನೆಂಬುದು ಕರಾರಾದೀತು, ವ್ರತವಾಗದು. ಪರರು ಮುರಿದಾಗಲೂ, ಮುರಿದವರಿಗೆ ಲಾಭವಾದಾಗಲೂ ಉಳಿಯುವುದೇ ವ್ರತ.

ಹೀಗೆಂದ ಮಾತ್ರಕ್ಕೆ ಶಿಲ್ಪಿಯ ಕೌಶಲವನ್ನು ಮೆಚ್ಚಬಾರದೆಂದಾಗಲಿ, ಹಳೆಯ ವಸ್ತುವನ್ನು ಕಾಪಾಡಬಾರದೆಂದಾಗಲಿ ಅಲ್ಲ. ತಾಲ್ಯೋನಿಯವರ ಪರಿಶ್ರಮ ಗೌರವಾರ್ಹವಾದುದು. ಹಾಳುಗೆಡಹುವುದಕ್ಕಿಂತ ಕಾಪಾಡುವುದು ಮೇಲು. ಆದರೆ ಮೆಚ್ಚಿಕೆಗೆ ಒಡೆತನ ಬೇಕಿಲ್ಲ. ಶ್ರವಣಬೆಳಗೊಳದ ಬೆಟ್ಟವನ್ನೇರಿ ಗೊಮ್ಮಟಸ್ವಾಮಿಯ ದರ್ಶನ ಪಡೆದವನು ಏನನ್ನೂ ಹೊತ್ತು ತರುವುದಿಲ್ಲ. ಆದರೂ ಬರಿಗೈಯಲ್ಲಿ ಬಂದೆನೆಂದು ಯಾರೂ ಹೇಳುವುದಿಲ್ಲ. ಅಲ್ಲಿ ನಿಂತಿರುವುದು ಗೆದ್ದ ರಾಜ್ಯವನ್ನು ಗೆದ್ದ ಗಳಿಗೆಯಲ್ಲೇ ಬಿಟ್ಟವನ ಬಿಂಬ.

ನಮ್ಮ ಮನೆಗಳಲ್ಲಿ ಇಟಲಿಯ ವಾಹನವಿರಲಾರದು. ಉಡದ ಸೀರೆ, ತೊಡದ ಒಡವೆ, ಯಾರೂ ವಾಸಿಸದ ನಿವೇಶನ, ತೆಗೆಯದ ಬೆಳ್ಳಿಯ ಪಾತ್ರೆ ಇರಬಹುದು. ಬಳಸುತ್ತಿಲ್ಲವೆಂಬ ಕಾರಣಕ್ಕೆ ಅವು ಪರಿಮಾಣದ ಲೆಕ್ಕದಿಂದ ತಪ್ಪಿಸಿಕೊಳ್ಳಬಾರದು. ಚಾತುರ್ಮಾಸದಲ್ಲಿ ಪರಿಗ್ರಹದ ಎಲ್ಲೆಯನ್ನು ಬರೆದಿಡುವ ಶ್ರಾವಕ ಶ್ರಾವಿಕೆಯರು ಸಂಖ್ಯೆಯೊಡನೆ ಬೆಲೆಯನ್ನೂ ಗೊತ್ತುಪಡಿಸಲಿ. ಏಕೆಂದರೆ ಒಂದೇ ವಾಹನ ಒಂದು ಮನೆಯ ಬೆಲೆ ತಾಳಬಹುದು. ಆ ಪಟ್ಟಿಯ ಮೊದಲ ಸಾಲಿನಲ್ಲಿ, ಯಾವುದನ್ನು ಕೊಡಬೇಕೆಂದು ನೆನೆದೊಡನೆ ಮನಸ್ಸು ಹಿಂಜರಿಯುವುದೋ ಆ ವಸ್ತುವನ್ನು ಬರೆಯಲಿ. ಅದನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದನ್ನು ಆಮೇಲೆ ಶಾಂತಚಿತ್ತದಿಂದ ನಿಶ್ಚಯಿಸಬಹುದು.