ಅಪ್ಪನ ಪರವಾಗಿ

ತಂದೆಯ ಸಾಲವನ್ನು ಮಕ್ಕಳು ತೀರಿಸಬೇಕಾದ ಸಂದರ್ಭಗಳು ಯಾವುವು ಎಂಬ ಪ್ರಶ್ನೆಗೆ ಯಾಜ್ಞವಲ್ಕ್ಯಸ್ಮೃತಿ ಮೂರು ಉತ್ತರ ಕೊಡುತ್ತದೆ. ತಂದೆ ತೀರಿಕೊಂಡಾಗ, ಪರದೇಶಕ್ಕೆ ಹೋಗಿಬಿಟ್ಟಾಗ, ವಾಸಿಯಾಗದ ಸಂಕಟಕ್ಕೆ ಸಿಕ್ಕಾಗ. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ನೆಲದವನು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಸಾವು, ದೂರ, ಅಶಕ್ತತೆ ಈ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಆ ಹಳೆಯ ಬುದ್ಧಿಯನ್ನು ಮೆಚ್ಚಬೇಕು. ಮೂರರಲ್ಲೂ ಒಬ್ಬ ಮನುಷ್ಯ ತನ್ನ ವ್ಯವಹಾರದ ಎದುರು ನಿಲ್ಲಲಾರ. ಅವನ ಜಾಗದಲ್ಲಿ ಇನ್ನೊಬ್ಬರು ನಿಲ್ಲಬೇಕಾಗುತ್ತದೆ.

ಆದರೆ ಆ ಗ್ರಂಥದಲ್ಲಿ ಪರದೇಶಕ್ಕೆ ಹೋದವನು ತಂದೆ, ಊರಲ್ಲಿ ಉಳಿದವನು ಮಗ. ಬಹರೈನಿನ ಮಾಹೂಝಿನ ನಮ್ಮ ಮನೆಗಳಲ್ಲಿ ಕುಳಿತು ಯೋಚಿಸಿದರೆ ಈ ಚಿತ್ರ ತಿರುವುಮುರುವಾಗಿದೆ. ಪುತ್ತೂರಿನಲ್ಲೋ ಬ್ರಹ್ಮಾವರದಲ್ಲೋ ಹೊನ್ನಾವರದಲ್ಲೋ ಅಪ್ಪ ಹಾಸಿಗೆ ಹಿಡಿದಿದ್ದಾರೆ, ಅಥವಾ ಅಮ್ಮನಿಗೆ ಮಕ್ಕಳ ಹೆಸರೇ ಮರೆತಿದೆ, ಪರದೇಶದಲ್ಲಿರುವವರು ನಾವು. ವಿಷ್ಣುಸ್ಮೃತಿ ದೇಶಾಂತರ ಹೋದವನಿಗಾಗಿ ಇಪ್ಪತ್ತು ವರ್ಷ ಕಾಯಬೇಕೆನ್ನುತ್ತದೆ. ಬಹರೈನಿಗೆ ಬಂದು ಇಪ್ಪತ್ತು ದಾಟಿದವರು ನಮ್ಮಲ್ಲಿ ಎಷ್ಟಿಲ್ಲ? ಆ ಲೆಕ್ಕದಲ್ಲಿ ಮನೆಯ ಪಾಲಿಗೆ ಇಲ್ಲವಾದವರು ನಾವೇ. ಇಲ್ಲವಾದವರು ಮಾತಿಲ್ಲದವರ ಪರವಾಗಿ ಮಾತಾಡುವುದು ಹೇಗೆ?

ಸಾಲದ ವಿಚಾರವನ್ನೇ ಮೊದಲು ನೋಡೋಣ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ಒಂದೇ ಕಾರಣಕ್ಕೆ ಮಗನ ಮೇಲೆ ದಾವೆ ಹೂಡುವ ಹಕ್ಕನ್ನು ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ತೆಗೆದುಹಾಕಿತು. ಆ ವರ್ಷದ ಸೆಪ್ಟೆಂಬರ್ 9ರ ನಂತರ ತಂದೆ ಮಾಡಿದ ಸಾಲ ತಂದೆಯದು, ತಂದೆಯ ಆಸ್ತಿಯದು. ಜಾಮೀನಿಗೆ ಸಹಿ ಹಾಕದ ಮಗನ ಸಂಬಳಕ್ಕೆ ಅದು ಅಂಟುವುದಿಲ್ಲ. ಕರಾವಳಿಯ ಅಳಿಯಸಂತಾನದ ಮನೆಗಳಿಗಂತೂ ಮಿತಾಕ್ಷರದ ಈ ಕಟ್ಟು ಎಂದೂ ಪೂರ್ತಿ ಒಗ್ಗಿದ್ದಲ್ಲ. ಹಾಗಾದರೆ ನಮಗೆ ಬಿಡುಗಡೆ ಸಿಕ್ಕಿತೇ? ಕಾನೂನು ಬಿಟ್ಟುಕೊಟ್ಟದ್ದನ್ನು ಮನಸ್ಸು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಸೊಸೈಟಿಯ ಬೆಳೆಸಾಲಕ್ಕೆ ಬಡ್ಡಿ ಇಲ್ಲ, ನಿಜ. ಆದರೆ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಅಪ್ಪ ಐಸಿಯುನಲ್ಲಿರುವಾಗ ಗಡುವು ದಾಟಿದರೆ, ಜೀವಮಾನವೆಲ್ಲ ಒಂದು ಕಂತೂ ತಪ್ಪಿಸದ ಮನುಷ್ಯ ಬಾಕಿದಾರನಾಗುತ್ತಾನೆ. ಅಡವಿಟ್ಟ ಅಮ್ಮನ ಚಿನ್ನಕ್ಕೆ ಹರಾಜಿನ ನೋಟೀಸು ಬರುತ್ತದೆ. ಮಗನ ಮೇಲೆ ಹೊಣೆಯಿಲ್ಲ ಎನ್ನುವುದು ಎಷ್ಟು ನಿಜವೋ, ಅಪ್ಪನ ಮರ್ಯಾದೆ ಮಗನ ಕೈಯಲ್ಲಿದೆ ಎನ್ನುವುದೂ ಅಷ್ಟೇ ನಿಜ. ಶುಕ್ರವಾರ ಇಲ್ಲಿ ರಜೆ, ಅಲ್ಲಿ ಸೊಸೈಟಿ ತೆರೆದಿರುತ್ತದೆ. ಆ ಒಂದು ಫೋನು ಮಾಡಲು ಬೇರೆ ದಿನ ಬೇಕಿಲ್ಲ.

ಹಣ ಕಳಿಸುವುದು ನಮಗೆ ಗೊತ್ತಿರುವ ಕೆಲಸ, ಅದನ್ನು ಮಾಡಿಬಿಡುತ್ತೇವೆ. ಕಷ್ಟ ಇರುವುದು ಸಹಿಯಲ್ಲಿ. ನಮ್ಮ ಕಾನೂನಿನ ಒಂದು ವಿಚಿತ್ರವನ್ನು ಗಮನಿಸಿ: ಸತ್ತವರ ಆಸ್ತಿಗೆ ಹಾದಿ ಇದೆ. ಮರಣಪತ್ರ, ವಂಶವೃಕ್ಷ, ಪೌತಿ ಖಾತೆ ಎಂದು ಒಂದಾದಮೇಲೊಂದು ಮೆಟ್ಟಿಲು. ಬದುಕಿದ್ದು ಬುದ್ಧಿ ನೆಟ್ಟಗಿರುವವರ ಆಸ್ತಿಗಂತೂ ಅವರೇ ಇದ್ದಾರೆ. ಉಸಿರಾಡುತ್ತಾ ಅರಿವಿಲ್ಲದೆ ಮಲಗಿರುವವರಿಗೆ ಮಾತ್ರ ಕಾಗದಪತ್ರಗಳ ಲೋಕದಲ್ಲಿ ಜಾಗವೇ ಇಲ್ಲ. ಖಾತೆಗೆ ನಾಮಿನಿ ಇದ್ದರೂ ಆ ಹಕ್ಕು ಸಾವಿನ ನಂತರದ್ದು. ಬರೆಸಿಟ್ಟುಕೊಂಡ ಪವರ್ ಆಫ್ ಅಟಾರ್ನಿ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದೊಡನೆ ಸತ್ತುಹೋಗುತ್ತದೆ. 1872ರ ಕರಾರು ಕಾಯಿದೆ ಹೇಳುವುದು ಅದನ್ನೇ. ಯಾವ ದಿನಕ್ಕೆಂದು ಮಾಡಿಸಿಟ್ಟೆವೋ ಆ ದಿನವೇ ಅದು ಕೈಕೊಡುತ್ತದೆ. 1987ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಇಂಥವರ ಆಸ್ತಿ ನೋಡಿಕೊಳ್ಳಲು ಜಿಲ್ಲಾ ನ್ಯಾಯಾಲಯ ವ್ಯವಸ್ಥಾಪಕನನ್ನು ನೇಮಿಸುವ ಅವಕಾಶವಿತ್ತು. ಅದರ ಜಾಗಕ್ಕೆ ಬಂದ 2017ರ ಕಾಯಿದೆ ಚಿಕಿತ್ಸೆಗೆ ಪ್ರತಿನಿಧಿಯನ್ನು ಕೊಟ್ಟಿತು, ಆಸ್ತಿಯ ಮಾತನ್ನು ಕೈಬಿಟ್ಟಿತು. ಹಾಗಾಗಿ ಮಕ್ಕಳು ಹೈಕೋರ್ಟಿನ ಬಾಗಿಲು ತಟ್ಟುತ್ತಾರೆ.

ಅಷ್ಟು ದೂರ ಹೋಗುವವರು ಎಷ್ಟು ಜನ? ಅಪ್ಪನ ಎಟಿಎಂ ಕಾರ್ಡು ನಮ್ಮ ಬಳಿ ಇದೆ, ಪಿನ್ ಗೊತ್ತಿದೆ. ಅಪ್ಪನ ಮೊಬೈಲಿಗೆ ಬರುವ ಒಟಿಪಿಯನ್ನು ತಮ್ಮ ಓದಿ ಹೇಳುತ್ತಾನೆ. ಆಸ್ಪತ್ರೆಯ ಬಿಲ್ಲು ಕಟ್ಟಲು ಅಪ್ಪನ ದುಡ್ಡನ್ನೇ ತೆಗೆದರೆ ಅದು ಕಳ್ಳತನವೇ? ಬ್ಯಾಂಕಿನ ನಿಯಮದ ಕಣ್ಣಿಗೆ ತಪ್ಪು. ಅಪ್ಪನ ಕಣ್ಣಿಗೆ? ಖಂಡಿತ ಅಲ್ಲ ಎಂದು ನಾವೆಲ್ಲ ಒಂದೇ ಉಸಿರಿಗೆ ಹೇಳುತ್ತೇವೆ. ಈ ಉತ್ತರವನ್ನು ನಾನೂ ಒಪ್ಪುತ್ತೇನೆ, ಆದರೆ ಅದರ ಸಲೀಸುತನ ನನಗೆ ದಿಗಿಲು ಹುಟ್ಟಿಸುತ್ತದೆ. ಬಿಲ್ಲಿನ ನಂತರ ಮನೆಯ ಮಾಡಿನ ರಿಪೇರಿ, ಅದರ ನಂತರ ಮೊಮ್ಮಗಳ ಫೀಸು. ಅಪ್ಪ ಬೇಡವೆನ್ನುತ್ತಿದ್ದರೇ ಎಂಬ ವಾಕ್ಯ ಪ್ರತಿ ಮೆಟ್ಟಿಲಲ್ಲೂ ನಮ್ಮ ನೆರವಿಗೆ ಬರುತ್ತದೆ. ಎದುರು ಹೇಳಲಾರದವರ ಒಪ್ಪಿಗೆಯಷ್ಟು ಅಗ್ಗದ್ದು ಬೇರೊಂದಿದೆಯೇ?

ಈ ವಿಷಯದಲ್ಲಿ ಬ್ಯಾಂಕಿನ ಶುಷ್ಕ ಸುತ್ತೋಲೆಯೊಂದು ನಮಗಿಂತ ಸೂಕ್ಷ್ಮವಾಗಿದೆ. ಸಹಿ ಮಾಡಲಾಗದ ರೋಗಿಯ ಹೆಬ್ಬೆಟ್ಟಿನ ಗುರುತು ಸಾಕು, ಕೈಬೆರಳೂ ಆಗದಿದ್ದರೆ ಕಾಲ್ಬೆರಳಿನ ಗುರುತಾದರೂ ಆದೀತು, ಅದನ್ನು ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು ಎನ್ನುತ್ತದೆ ರಿಸರ್ವ್ ಬ್ಯಾಂಕ್. ನಡೆದಾಡಲಾಗದವರ ಮನೆಗೆ ಉಪನೋಂದಣಾಧಿಕಾರಿಯೇ ಬರಲು ನೋಂದಣಿ ಕಾಯಿದೆಯಲ್ಲಿ ಅವಕಾಶವಿದೆ. ದೇಹ ಸೋತ ಮಾತ್ರಕ್ಕೆ ಮನುಷ್ಯನ ಇಚ್ಛೆ ಮುಗಿಯಿತೆಂದು ಭಾವಿಸಬೇಡಿ ಎಂಬುದು ಇವೆಲ್ಲದರ ಒಳಗಿನ ಮಾತು. ನಾವು ಎಷ್ಟು ಬೇಗ ಭಾವಿಸಿಬಿಡುತ್ತೇವೆ! ಎಡಗೈ ಬಿದ್ದುಹೋದ ಅಪ್ಪನ ಬುದ್ಧಿ ಚುರುಕಾಗಿಯೇ ಇರುತ್ತದೆ, ಮಾತು ಮಾತ್ರ ತೊದಲುತ್ತದೆ. ಆ ತೊದಲಿಗೆ ಕಾಯುವ ತಾಳ್ಮೆ ಇಲ್ಲದೆ ಅವರ ತಲೆಯ ಮೇಲಿಂದಲೇ ನಾವು ತೋಟದ ಮಾತು ಮುಗಿಸುತ್ತೇವೆ.

ಮಾತೇ ಇಲ್ಲದಿದ್ದಾಗ ಯಾರು ಮಾತಾಡಬೇಕು? ಈ ಪ್ರಶ್ನೆಯನ್ನು ದೇಶದ ಮುಂದಿಟ್ಟವಳು ಉತ್ತರ ಕನ್ನಡದ ಹಳದೀಪುರದ ಹೆಣ್ಣುಮಗಳು, ಅರುಣಾ ಶಾನಭಾಗ. 1973ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ತನ್ನ ಮೇಲೆ ನಡೆದ ಕ್ರೌರ್ಯದ ನಂತರ 2015ರ ವರೆಗೂ ಅದೇ ಆಸ್ಪತ್ರೆಯಲ್ಲಿ ಮಲಗಿದ್ದವಳು. ಆಕೆಯ ಬದುಕನ್ನು ಮುಗಿಸಲು ಬಿಡಿ ಎಂಬ ಅರ್ಜಿ ಸುಪ್ರೀಂ ಕೋರ್ಟಿಗೆ ಬಂದಾಗ, ಆಕೆಯ ಪರವಾಗಿ ಹೇಳುವ ಹಕ್ಕು ಯಾರದೆಂಬುದೇ ಮೊದಲ ಪ್ರಶ್ನೆಯಾಯಿತು. ಆಕೆಯ ಬಗ್ಗೆ ಮರುಕಪಟ್ಟು ಪುಸ್ತಕ ಬರೆದ ಅರ್ಜಿದಾರರಿಗಿಂತ, ದಿನವೂ ಉಣಿಸಿ, ತೊಳೆದು, ಮಗ್ಗುಲು ಬದಲಿಸಿದ ಆಸ್ಪತ್ರೆಯ ಸಿಬ್ಬಂದಿಯೇ ಆಕೆಯ ನಿಜವಾದ ಆಪ್ತರು ಎಂದಿತು 2011ರ ತೀರ್ಪು. ಅದು ಜೀವದ ವಿಷಯ, ಆಸ್ತಿಯದಲ್ಲ. ಆದರೂ ಇಲ್ಲಿ ಕುಳಿತ ನಮ್ಮನ್ನು ಆ ತೀರ್ಪು ತಿವಿಯದೆ ಇರದು. ಅಪ್ಪನ ಮಗ್ಗುಲು ಬದಲಿಸುವವಳು ಊರಿನಲ್ಲಿರುವ ತಂಗಿ, ಅಥವಾ ತಮ್ಮನ ಹೆಂಡತಿ. ದಿನಾರು ಕಳಿಸುವವರು ನಾವು. ಒಂದು ದಿನಾರಿಗೆ ಇನ್ನೂರಕ್ಕೂ ಹೆಚ್ಚು ರೂಪಾಯಿ ಆಗುತ್ತದೆಂಬ ಕಾರಣಕ್ಕೆ ನಮ್ಮ ಮಾತಿಗೂ ಅಷ್ಟೇ ಪಟ್ಟು ತೂಕ ಬರುವುದೇ? ಜಾಗ ಮಾರುವುದೋ ಬೇಡವೋ ಎಂಬ ತೀರ್ಮಾನವನ್ನು ಮಾಹೂಝಿನ ಬಾಲ್ಕನಿಯಿಂದ ವಾಟ್ಸಾಪಿನಲ್ಲಿ ಹೇಳಿ, ಔಷಧಿಯ ಚೀಟಿ ಚೀಟಿಗೂ ಲೆಕ್ಕ ಕೇಳುವ ಅಣ್ಣಂದಿರನ್ನು ನಾನು ಕಂಡಿದ್ದೇನೆ. ಹಾಸಿಗೆಯ ಬಳಿ ಇರುವವರ ಮಾತಿಗೆ ಮೊದಲ ಸ್ಥಾನ ಕೊಡಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಹಾಗೆಂದು ಹತ್ತಿರವಿದ್ದವರಿಗೆ ಎಲ್ಲವೂ ಸಲ್ಲಬೇಕೆ? ಇಲ್ಲಿ ರಾಮಾಯಣದ ಭರತನನ್ನು ನೆನೆಯಬೇಕು. ಪಾದುಕೆಗಳನ್ನು ಸಿಂಹಾಸನದ ಮೇಲಿಟ್ಟದ್ದು ನಮಗೆಲ್ಲ ನೆನಪಿದೆ. ವಾಲ್ಮೀಕಿಯಲ್ಲಿ ಅದರ ಕೊನೆಯೂ ಇದೆ: ರಾಮ ಮರಳಿದ ದಿನ ಭರತ ರಾಜ್ಯವನ್ನು ಒಪ್ಪಿಸಿ, ಬೊಕ್ಕಸ, ಕಣಜ, ಸೇನೆ ಎಲ್ಲವನ್ನೂ ನೋಡಿಕೋ ಎನ್ನುತ್ತಾನೆ, ಎಲ್ಲವೂ ಹತ್ತು ಪಟ್ಟಾಗಿದೆ ಎನ್ನುತ್ತಾನೆ. ಯಾರೂ ಕೇಳದೆ ಕೊಟ್ಟ ಲೆಕ್ಕ ಅದು. ಪಾಂಡು ಇಲ್ಲದಾಗ ರಾಜ್ಯ ನೋಡಿಕೊಂಡ ಧೃತರಾಷ್ಟ್ರನ ಕೈಯಲ್ಲಿದ್ದದ್ದೂ ಇಂಥದೇ ನಂಬಿಕೆ. ಅವನಿಗೆ ಲೆಕ್ಕ ಒಪ್ಪಿಸುವ ದಿನ ಬರಲೇ ಇಲ್ಲ, ಬರಲು ಅವನು ಬಿಡಲಿಲ್ಲ. ಅರಿವು ತಪ್ಪಿದ ರೋಗಿಗಳಿಗೆ ಪಾಲಕರನ್ನು ನೇಮಿಸುವ ಬಗ್ಗೆ ಕೇರಳ ಹೈಕೋರ್ಟು 2019ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಆರು ತಿಂಗಳಿಗೊಮ್ಮೆ ಪಾಲಕರು ವರದಿ ಒಪ್ಪಿಸಬೇಕೆಂದಿದೆ. ಕೋರ್ಟಿಗೆ ಹೋಗದ ಮನೆಗಳಲ್ಲೂ ಒಂದು ಪುಸ್ತಕ ಇರಬಾರದೇಕೆ? ಊರಿನವರು ಖರ್ಚನ್ನು ಬರೆಯಲಿ. ನಾವು ಎಷ್ಟು ಕಳಿಸಿದೆವು, ಎಷ್ಟು ದಿನ ಊರಿಗೆ ಹೋಗಿ ಹಾಸಿಗೆಯ ಬಳಿ ಕುಳಿತೆವು ಎಂಬುದನ್ನೂ ಅದೇ ಪುಟದಲ್ಲಿ ಬರೆಯೋಣ. ಆ ದಿನಗಳ ಕಾಲಂ ಬಹುಪಾಲು ಖಾಲಿ ಉಳಿದೀತು.

ಕಾಗದದಲ್ಲಿ ಇಲ್ಲದ ಲೆಕ್ಕಗಳೂ ಇರುತ್ತವೆ, ಅವು ಇನ್ನೂ ಕಷ್ಟದವು. ಮೂವತ್ತು ವರ್ಷ ತೋಟದಲ್ಲಿ ದುಡಿದ ಆಳಿಗೆ ಐದು ಸೆಂಟ್ಸ್ ಜಾಗ ಕೊಡುತ್ತೇನೆಂದು ಅಪ್ಪ ಬಾಯಿಮಾತಿನಲ್ಲಿ ಹೇಳಿರುತ್ತಾರೆ. ಅವನು ಬಂದು ಅಂಗಳದಲ್ಲಿ ನಿಂತರೆ ಪುರಾವೆ ಕೇಳುತ್ತೇವೆಯೇ? ಅಪ್ಪನಿಂದ ಕೈಗಡ ಪಡೆದ ನೆರೆಯವನ ಹೆಸರು ಹಳೆಯ ಡೈರಿಯಲ್ಲಿ ಸಿಗುತ್ತದೆ. ಅಪ್ಪ ಹತ್ತು ವರ್ಷ ಕೇಳದೆ ಬಿಟ್ಟ ಆ ಹಣವನ್ನು ವಸೂಲಿ ಮಾಡಲು ನಾವು ಯಾರು? ಮರೆತು ಬಿಟ್ಟರೋ, ಮನ್ನಾ ಮಾಡಿದರೋ? ಮರೆತದ್ದಾದರೆ ಅವರ ಪರವಾಗಿ ನಾವು ಕೇಳಬಹುದೇನೋ; ಮನ್ನಾ ಮಾಡಿದ್ದಾದರೆ ಆ ಮಾತನ್ನು ಅವರಿಗಾಗಿ ಉಳಿಸಿಕೊಳ್ಳಬೇಕು, ನಷ್ಟವಾದರೂ. ಯಾವುದೆಂದು ತಿಳಿಯಲು ಅಪ್ಪನನ್ನು ಬಲ್ಲವರು ಬೇಕು. ಹಾಗೆ ನೋಡಿದರೆ ಇಪ್ಪತ್ತು ವರ್ಷ ದೂರವಿದ್ದ ಮಗನಿಗಿಂತ ಅಪ್ಪನ ಮನಸ್ಸು ಆ ಆಳಿಗೂ ಆ ನೆರೆಯವನಿಗೂ ಹೆಚ್ಚು ಗೊತ್ತಿರಬಹುದು. ಮುಂದಿನ ಸಲ ಊರಿಗೆ ಹೋದಾಗ ವಕೀಲರ ಕಚೇರಿಗೆ ಹೋಗುವ ಮೊದಲು ಅವರ ಮನೆಗಳಿಗೆ ಹೋಗಿ ಕುಳಿತು, ಅಪ್ಪ ಏನು ಹೇಳುತ್ತಿದ್ದರು ಎಂದು ಕೇಳಬೇಕು.