ಕಣ್ಣಿಗೆ ಬಂದ ರೂಪ

ಹೊಸದುರ್ಗದ ಬಂಧುಗಳೊಬ್ಬರ ಮನೆಯಲ್ಲಿ ಒಂದು ರಾತ್ರಿ ತಂಗಬೇಕಾಗಿ ಬಂದಿತು. ಪ್ರಸಾದವಾದ ಮೇಲೆ ಮನೆಮಂದಿಯೆಲ್ಲ ಟೀವಿಯ ಮುಂದೆ ಕುಳಿತರು, ನಾನೂ ಕುಳಿತೆನು. ನೆಟ್‌ಫ್ಲಿಕ್ಸ್ ಸಂಸ್ಥೆಯವರು 2022ರ ಡಿಸೆಂಬರಿನಲ್ಲಿ ಹೊರತಂದ ‘ಬೀಸ್ಟ್ ಆಫ್ ಬ್ಯಾಂಗಲೋರ್’ ಎಂಬ ಚಿತ್ರಮಾಲೆಯದು. ಉಮೇಶ ರೆಡ್ಡಿಯೆಂಬವನ ಕೃತ್ಯಗಳನ್ನು ನಟರಿಂದ ಮತ್ತೆ ಆಡಿಸಿ ತೋರಿಸಿದ್ದರು. ಅವನು ಪರದೇಶದವನಲ್ಲ, ನಮ್ಮ ಚಿತ್ರದುರ್ಗ ಜಿಲ್ಲೆಯವನೇ. ಪೋಲೀಸು ಪಡೆಯ ಉಡುಪನ್ನು ತೊಟ್ಟಿದ್ದವನು.

ಕಡಲೆಕಾಯಿ ಸುಲಿಯುತ್ತ ನೋಡಿದೆವು. ನಡುವೆ ವಿದ್ಯುತ್ತು ಹೋದಾಗ “ಮುಂದೇನಾಯಿತು?” ಎಂದು ಆತುರದಿಂದ ಕೇಳಿದವನು ನಾನೇ. ಮರುದಿನ ಪ್ರಾತಃಕಾಲ ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ದೃಷ್ಟಿ ನಿಲ್ಲಿಸಿದರೆ, ಕಣ್ಣಿನಲ್ಲಿ ನಿಂತಿದ್ದುದು ಆ ಬಾಗಿಲು, ಆ ಹೆಣ್ಣಿನ ಮುಖ.

ಷಟ್‌ಸ್ಥಲವನ್ನು ನಿರೂಪಿಸಿದ ಹಿರಿಯರು ನಾಲಗೆಯ ರುಚಿಯೊಂದೇ ಅರ್ಪಿತವೆಂದು ಬಗೆದವರಲ್ಲ. ಮೂಗಿಗೆ ಆಚಾರಲಿಂಗ, ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗವೆಂದು ಒಂದೊಂದು ಇಂದ್ರಿಯಕ್ಕೂ ಒಂದೊಂದು ಸನ್ನಿಧಿಯನ್ನು ನಿಯಮಿಸಿದರು. ಕಂಡ ರೂಪವೂ ನೈವೇದ್ಯವೇ. ಹಾಗಾದರೆ ಪರರ ಮಗಳೊಬ್ಬಳ ಮರಣಕಾಲದ ರೂಪವನ್ನು ಯಾವ ಭಾವದಿಂದ ಅರ್ಪಿಸುವುದು?

ನೋಡಿದುದೇ ದೋಷವೆಂದು ಹೇಳಲಾರೆನು. ನ್ಯಾಯಾಧೀಶರೂ ವೈದ್ಯರೂ ಇದಕ್ಕಿಂತ ಘೋರವಾದುದನ್ನು ನೋಡುತ್ತಾರೆ. ಆದರೆ ನೋಡಿದುದಕ್ಕೆ ಅವರು ಏನನ್ನಾದರೂ ಮಾಡಬೇಕಾದ ಹೊಣೆಯುಂಟು. ನಮಗೆ ಸಿಪ್ಪೆ ಬಳಿದು ಮಲಗುವುದಷ್ಟೇ ಉಳಿದಿತ್ತು. ಅತ್ಯಾಚಾರಕ್ಕೊಳಗಾದವಳ ಹೆಸರನ್ನು ಪ್ರಕಟಿಸಬಾರದೆಂದು ಭಾರತೀಯ ದಂಡಸಂಹಿತೆಯ 228ಎ ವಿಧಿ ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯ 72ನೆಯ ವಿಧಿಯೂ ಅದನ್ನೇ ಹೇಳುತ್ತದೆ. ಹೆಸರನ್ನು ಮುಚ್ಚಿದ ಕಾನೂನು ಆಕೆಯ ಕೊನೆಯ ಗಳಿಗೆಯನ್ನು ಮುಚ್ಚಲಾರದೆ ಹೋಯಿತು.

ಇನ್ನು ‘ಮೃಗ’ವೆಂಬ ಆ ಶೀರ್ಷಿಕೆ. ಮೃಗವೆಂದೊಡನೆ ನಮಗೆ ಎಷ್ಟು ಹಗುರವಾಗುತ್ತದೆ! ಅವನು ಬೇರೆ ಜಾತಿಯ ಜೀವಿ, ನಾವು ಬೇರೆ. ಮೃಗಕ್ಕೆ ಧರ್ಮಾಧರ್ಮ ವಿವೇಚನೆಯಿಲ್ಲ, ಆದುದರಿಂದ ಪಾಪವೂ ಇಲ್ಲ. ಇವನು ಮನುಷ್ಯನಾದುದರಿಂದಲೇ ಪಾಪಿ. ನ್ಯಾಯಾಲಯವು ಇದನ್ನು ಮರೆಯಲಿಲ್ಲ. 1998ರಲ್ಲಿ ಬೆಂಗಳೂರಿನಲ್ಲಿ ವಿಧವೆಯೊಬ್ಬಳ ಮೇಲೆ ಅತ್ಯಾಚಾರವೆಸಗಿ ಕೊಂದುದಕ್ಕಾಗಿ 2006ರಲ್ಲಿ ಅವನಿಗೆ ಮರಣದಂಡನೆಯಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಥಿರಪಡಿಸಿತು. 2013ರಲ್ಲಿ ರಾಷ್ಟ್ರಪತಿಗಳು ಕ್ಷಮಾರ್ಜಿಯನ್ನು ತಿರಸ್ಕರಿಸಿದರು. ಆದರೆ 2022ರ ನವೆಂಬರ್ 4ರಂದು ಅದೇ ಸುಪ್ರೀಂ ಕೋರ್ಟು, ಕಾನೂನಿನ ಆಧಾರವಿಲ್ಲದೆ ಅವನನ್ನು ಬೆಳಗಾವಿಯ ಸೆರೆಮನೆಯಲ್ಲಿ ವರ್ಷಾನುವರ್ಷ ಏಕಾಂತದಲ್ಲಿಟ್ಟುದನ್ನು ಎತ್ತಿ ಹೇಳಿ, ಮರಣದಂಡನೆಯನ್ನು ಕನಿಷ್ಠ 30 ವರ್ಷಗಳ ಸೆರೆಗೆ ಇಳಿಸಿತು. ಇದನ್ನೋದಿ ಸಿಟ್ಟಾದವರುಂಟು; ಮೊದಲು ನನಗೂ ಸಿಟ್ಟು ಬಂದಿತ್ತು. ಅಂಥವನಿಗೂ ಸಲ್ಲುವ ನ್ಯಾಯವೇ ನನ್ನ ಮಕ್ಕಳನ್ನೂ ಕಾಯುವುದೆಂದು ತಿಳಿಯಲು ನನಗೆ ಕೆಲವು ದಿನಗಳು ಬೇಕಾದುವು. ಆ ತೀರ್ಪು ಹೊರಬಿದ್ದ ಮರುತಿಂಗಳೇ ‘ಮೃಗ’ವು ತೆರೆಗೆ ಬಂದಿತು.

“ಗುರುಗಳೇ, ನೋಡಿದರೆ ಎಚ್ಚರವಾದರೂ ಬರುತ್ತದೆ” ಎಂದರು ಬಂಧುಗಳು. ಮಾತು ಸುಳ್ಳಲ್ಲ. ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ, ನೀರು ಬೇಡುವ ಅಥವಾ ವಿಳಾಸ ವಿಚಾರಿಸುವ ನೆಪದಿಂದ ಅವನು ಬಾಗಿಲಿಗೆ ಬರುತ್ತಿದ್ದನಂತೆ. ಒಂಟಿ ಹೆಣ್ಣುಮಗಳು ಅಗುಳಿ ಹಾಕಿಕೊಂಡರೆ ಅದನ್ನು ತಪ್ಪೆನ್ನಲು ನಾನಾರು?

ಆದರೆ ನಮ್ಮದು ಮಳೆ ಮರೆತ ಸೀಮೆ. ಹಿರಿಯೂರಿನಿಂದ ಹೊಳಲ್ಕೆರೆಯವರೆಗೆ, ಬಾಯಾರಿ ಬಂದವನಿಗೆ ಕುಲವನ್ನು ಕೇಳದೆ ನೀರು ಕೊಡುವುದೇ ದಾಸೋಹದ ಮೊದಲ ಮೆಟ್ಟಿಲೆಂದು ಬಾಳಿದ ಮನೆಗಳಿವು. ಅಂದು ಮಧ್ಯಾಹ್ನವೇ ಕುರಿ ಕಾಯುವ ವೃದ್ಧನೊಬ್ಬನು ಅಂಗಳದಲ್ಲಿ ನಿಂತು “ಅವ್ವಾ, ನೀರು” ಎಂದನು. ಮನೆಯ ಸೊಸೆ ಹೊಸ್ತಿಲವರೆಗೆ ಬಂದವಳು ಹಾಗೆಯೇ ನಿಂತಳು. ಒಳಗೆ ಅತ್ತೆಯಿದ್ದರು, ನಾನಿದ್ದೆನು; ಆದರೂ ಆ ತಾಯಿಯ ಕೈ ಅಗುಳಿಯ ಮೇಲೆಯೇ ಇದ್ದಿತು. ನಾನು ಎದ್ದು ಚೊಂಬನ್ನು ತೆಗೆದುಕೊಂಡು ಹೋದೆನು. ಕುಡಿದು ಚೊಂಬನ್ನು ಹಿಂದಿರುಗಿಸುವಾಗ ಮುದುಕನು ಬಾಗಿಲ ಕಡೆ ನೋಡಿ, “ತಂಗಿ ಯಾಕೆ ಹೆದರಿಕೊಂಡೈತೆ ಸ್ವಾಮಿ?” ಎಂದು ಕೇಳಿದನು. ನಾನು ಉತ್ತರ ಕೊಡಲಿಲ್ಲ.